24 ಅಕ್ಷರ, 11,172 ಚೌಕ: ಹಂಗುಲ್ ಕಂಪ್ಯೂಟರಿನೊಳಗೆ ಕೂರುವ ಬಗೆ

ಕೊರಿಯನ್ ಧಾರಾವಾಹಿ ನೋಡುತ್ತ ನೋಡುತ್ತ ಭಾಷೆಯನ್ನೇ ಕಲಿಯಲು ಹೊರಟವರಿಂದ ಎರಡು ಪ್ರಶ್ನೆಗಳು ಮತ್ತೆ ಮತ್ತೆ ಬರುತ್ತವೆ. ಮೊದಲನೆಯದು: "ಕೊರಿಯನ್‌ಗೆ ಬರೀ 24 ಅಕ್ಷರ ಅಂತೀರಿ, ಯೂನಿಕೋಡ್ ಪಟ್ಟಿ ತೆಗೆದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಕಾಣ್ತಿವೆಯಲ್ಲ?" ಎರಡನೆಯದು: "ಗೆಳತಿ ಕಳಿಸಿದ ಕಡತದ ಹೆಸರು ಪುಡಿಪುಡಿಯಾಗಿ ಕಾಣುತ್ತಿದೆ, ಯಾವ ಫಾಂಟ್ ಹಾಕಲಿ?"

ಎರಡನೆಯದಕ್ಕೆ ಚಿಕ್ಕ ಉತ್ತರ ಈಗಲೇ ಕೊಟ್ಟುಬಿಡುತ್ತೇನೆ: ಫಾಂಟ್ ಬದಲಿಸಿ ಪ್ರಯೋಜನವಿಲ್ಲ, ತೊಂದರೆ ಬೇರೆ ಕಡೆ ಇದೆ. ಅದು ಎಲ್ಲಿದೆ ಎಂದು ಹೇಳಬೇಕಾದರೆ ಮೊದಲ ಪ್ರಶ್ನೆಯಿಂದಲೇ ಶುರುಮಾಡಬೇಕು. ಹನ್ನೊಂದು ಸಾವಿರ ಅಕ್ಷರಗಳನ್ನು ಯಾರೂ ಬಾಯಿಪಾಠ ಮಾಡಿಲ್ಲ, ಕಂಪ್ಯೂಟರೂ ಮಾಡಬೇಕಿಲ್ಲ. ಅಲ್ಲಿರುವುದು ಮಗ್ಗಿ ಬಲ್ಲ ಯಾರಿಗೂ ಬರುವ ಒಂದು ಗುಣಾಕಾರದ ಲೆಕ್ಕ.

ಬೇಕಾದದ್ದು: ಕಾಗದ, ಪೆನ್ನು, ಮತ್ತು ಯಾವುದಾದರೊಂದು ಸ್ಪ್ರೆಡ್‌ಶೀಟ್ (ಎಕ್ಸೆಲ್, ಲಿಬ್ರೆಆಫೀಸ್, ಗೂಗಲ್ ಶೀಟ್ಸ್, ಯಾವುದಾದರೂ ಸರಿ). ಪ್ರೋಗ್ರಾಮಿಂಗ್ ಬರಬೇಕೆಂದಿಲ್ಲ. ಲೇಖನದಲ್ಲಿ ಹಂಗುಲ್ ಅಕ್ಷರಗಳನ್ನು ಬೇಕೆಂದೇ ಅಚ್ಚು ಹಾಕಿಲ್ಲ. ಆಕಾರ ನಾನು ಹೇಳುತ್ತೇನೆ, ನೀವು ಬರೆಯಿರಿ. ಸಂಖ್ಯೆ ಹೇಳುತ್ತೇನೆ, ಸ್ಪ್ರೆಡ್‌ಶೀಟ್ ಅಕ್ಷರ ತೋರಿಸುತ್ತದೆ. ನಕಲು ಮಾಡಿ ಅಂಟಿಸಿದರೆ ಈ ವಿದ್ಯೆ ಕೈಗೆ ಹತ್ತುವುದಿಲ್ಲ.

ಹಂತ 1: ಚೌಕದಲ್ಲಿ ಮೂರು ಜಾಗ ಗುರುತಿಸಿ

ಹಂಗುಲ್ ಎಂದರೆ ಕೊರಿಯನ್ ಲಿಪಿ. ರಾಜ ಸೇಜೊಂಗ್ 1443ರಲ್ಲಿ ಸಿದ್ಧಪಡಿಸಿ 1446ರಲ್ಲಿ ಪ್ರಜೆಗಳ ಮುಂದಿಟ್ಟದ್ದು. ಆಗ 28 ಅಕ್ಷರಗಳಿದ್ದವು, ಇಂದು ಬಳಕೆಯಲ್ಲಿರುವ ಮೂಲಾಕ್ಷರಗಳು 24: ವ್ಯಂಜನ 14, ಸ್ವರ 10. ಒಂದೊಂದು ಬಿಡಿ ಅಕ್ಷರವನ್ನೂ 'ಜಮೊ' ಎನ್ನುತ್ತಾರೆ.

ಕಂಠ್ಯ, ದಂತ್ಯ, ಓಷ್ಠ್ಯ ಎಂದು ಶಾಲೆಯಲ್ಲಿ ಕಲಿತ ನಮಗೆ ಈ ಲಿಪಿ ಬೇಗ ಒಗ್ಗುತ್ತದೆ. ವ್ಯಂಜನದ ಆಕಾರಗಳು ಉಚ್ಚಾರಣೆಯ ಅಂಗಗಳನ್ನೇ ಹೋಲುತ್ತವೆ. 'ಮ್' ಒಂದು ಪುಟ್ಟ ಪೆಟ್ಟಿಗೆ, ಮುಚ್ಚಿದ ಬಾಯಿ. 'ನ್' ಮೇಲಿಂದ ಇಳಿದು ಬಲಕ್ಕೆ ತಿರುಗುವ ಗೆರೆ, ಹಲ್ಲಿನ ಹಿಂಬದಿಗೆ ತಾಗಿದ ನಾಲಿಗೆ. 'ಗ್' ಬಡಗಿಯ ಮೂಲೆಮಟ್ಟದ ಹಾಗೆ: ಮೇಲೆ ಅಡ್ಡಗೆರೆ, ಬಲತುದಿಯಿಂದ ಕೆಳಕ್ಕೆ ಇಳಿದ ಗೆರೆ. ಅದಕ್ಕೆ ನಡುವೆ ಇನ್ನೊಂದು ಗೆರೆ ಸೇರಿಸಿದರೆ 'ಖ್'. ನಮ್ಮಲ್ಲಿ ದಕಾರದ ಹೊಕ್ಕಳು ಸೀಳಿ ಧಕಾರ ಮಾಡುವಂತೆ, ಅಲ್ಲಿ ಒಂದು ಗೆರೆ ಎಳೆದು ಅಲ್ಪಪ್ರಾಣವನ್ನು ಮಹಾಪ್ರಾಣ ಮಾಡುತ್ತಾರೆ. 'ಗ್' ಅನ್ನೇ ಪಕ್ಕಪಕ್ಕ ಎರಡು ಸಲ ಬರೆದರೆ 'ಬಿಗಿ' ವ್ಯಂಜನ. 'ಪಕ್ಕ' ಪದದ 'ಕ್ಕ' ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಆ ಬಿಗಿತ.

ಈ ಜಮೊಗಳನ್ನು ಸಾಲಾಗಿ ಬರೆಯುವುದಿಲ್ಲ. ಒಂದು ಉಚ್ಚಾರಾಂಶ, ಅಂದರೆ ಒಂದೇ ಉಸಿರಿಗೆ ಹೊರಡುವ ತುಣುಕು, ಒಂದು ಚೌಕದೊಳಗೆ ಕೂರಬೇಕು. ಚೌಕದಲ್ಲಿ ಮೂರು ಜಾಗಗಳಿವೆ. ಆದಿಯಲ್ಲಿ ವ್ಯಂಜನ, ನಡುವೆ ಸ್ವರ, ಅಂತ್ಯದಲ್ಲಿ ಬೇಕಿದ್ದರೆ ಇನ್ನೊಂದು ವ್ಯಂಜನ. ಅಂತ್ಯದ ವ್ಯಂಜನಕ್ಕೆ ಕೊರಿಯನ್ನರು 'ಬತ್ಚಿಮ್' ಎನ್ನುತ್ತಾರೆ. ಕೆಳಗಿನಿಂದ ಎತ್ತಿಹಿಡಿಯುವ ಆಸರೆ ಎಂಬ ಅರ್ಥ, ಅದು ಕೂರುವುದೂ ಚೌಕದ ಕೆಳಗೇ.

ಜೋಡಿಸುವ ನಿಯಮ ಸ್ವರದ ಆಕಾರದಲ್ಲೇ ಅಡಗಿದೆ. ನಿಂತ ಸ್ವರ (ಉದ್ದಗೆರೆಯದು: ಆ, ಇ) ವ್ಯಂಜನದ ಬಲಕ್ಕೆ. ಮಲಗಿದ ಸ್ವರ (ಅಡ್ಡಗೆರೆಯದು: ಒ, ಉ) ವ್ಯಂಜನದ ಕೆಳಗೆ. ಎರಡೂ ಸೇರಿದ ಸಂಯುಕ್ತ ಸ್ವರ ಕೆಳಗಿನಿಂದ ಬಲಕ್ಕೆ ಸುತ್ತಿಕೊಳ್ಳುತ್ತದೆ. ಅಂತ್ಯ ವ್ಯಂಜನ ಯಾವಾಗಲೂ ಎಲ್ಲದರ ಅಡಿಯಲ್ಲಿ.

ಬರೆದು ನೋಡಿ. 'ಹ್' ಎಂದರೆ ತಲೆಯ ಮೇಲೆ ಪುಟ್ಟ ಟೋಪಿ ಇಟ್ಟ ಸೊನ್ನೆ. ಅದರ ಬಲಕ್ಕೆ 'ಆ': ಉದ್ದಗೆರೆ, ನಡುವಿನಿಂದ ಬಲಕ್ಕೆ ಚಿಕ್ಕ ಗೀಟು. ಇವೆರಡರ ಅಡಿಯಲ್ಲಿ 'ನ್'. ಈಗ ನೀವು ಬರೆದದ್ದು 'ಹಾನ್', ಹಂಗುಲ್ ಎಂಬ ಪದದ ಮೊದಲ ಚೌಕ.

ಎಚ್ಚರಿಕೆ: ಹೊಸಬರು ಎಡವುವುದು ಸೊನ್ನೆಯಲ್ಲಿ. ಸ್ವರದಿಂದ ಶುರುವಾಗುವ ಉಚ್ಚಾರಾಂಶಕ್ಕೂ ಆದಿಯ ಜಾಗ ಖಾಲಿ ಬಿಡುವಂತಿಲ್ಲ, ಅಲ್ಲಿ ಸದ್ದಿಲ್ಲದ ಸೊನ್ನೆಯೊಂದು ಕೂರಬೇಕು. ಅದೇ ಸೊನ್ನೆ ಅಂತ್ಯಕ್ಕೆ ಬಂದರೆ ಮೌನ ಮುರಿದು 'ಙ್' ಆಗುತ್ತದೆ. ನಮ್ಮ ವರ್ಣಮಾಲೆಯಲ್ಲಿ ಬಹುತೇಕ ನಿರುದ್ಯೋಗಿಯಾಗಿರುವ ಙಕಾರಕ್ಕೆ ಕೊರಿಯನ್‌ನಲ್ಲಿ ಕೈತುಂಬ ಕೆಲಸ.

ಹಂತ 2: ಯಾವ ಜಾಗಕ್ಕೆ ಯಾರ್ಯಾರು, ಕ್ರಮಸಂಖ್ಯೆ ಎಷ್ಟು

ಈ ಪಟ್ಟಿಗಳನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆಲ್ಲ ಬೇಕು. ಎಣಿಕೆ ಸೊನ್ನೆಯಿಂದ ಶುರು.

ಆದಿ, ಒಟ್ಟು 19: 0 ಗ್, 1 ಬಿಗಿ ಗ್, 2 ನ್, 3 ದ್, 4 ಬಿಗಿ ದ್, 5 ರ್, 6 ಮ್, 7 ಬ್, 8 ಬಿಗಿ ಬ್, 9 ಸ್, 10 ಬಿಗಿ ಸ್, 11 ಮೌನ ಸೊನ್ನೆ, 12 ಜ್, 13 ಬಿಗಿ ಜ್, 14 ಛ್, 15 ಖ್, 16 ಥ್, 17 ಫ್, 18 ಹ್. (ಇಲ್ಲಿ ಫ್ ಎಂದರೆ 'ಫಲ'ದ ಫ, 'ಫ್ಯಾನ್'ನದಲ್ಲ.)

ಸ್ವರ, ಒಟ್ಟು 21: 0 ಆ, 1 ಆ್ಯ, 2 ಯಾ, 3 ಯ್ಯಾ, 4 ತೆರೆದ ಒ, 5 ಎ, 6 ತೆರೆದ ಯೊ, 7 ಯೆ, 8 ಒ, 9 ಒ+ಆ, 10 ಒ+ಆ್ಯ, 11 ಒ+ಇ, 12 ಯೊ, 13 ಉ, 14 ಉ+ತೆರೆದ ಒ, 15 ಉ+ಎ, 16 ಉ+ಇ, 17 ಯು, 18 ಅಗಲ ಉ, 19 ಅಗಲ ಉ+ಇ, 20 ಇ. 'ತೆರೆದ ಒ' ಎಂದರೆ ಅಕಾರಕ್ಕೂ ಒಕಾರಕ್ಕೂ ನಡುವಿನ ಸ್ವರ. 'ಅಗಲ ಉ' ಎಂದರೆ ತುಟಿ ದುಂಡಾಗಿಸದೆ, ನಗುವವರಂತೆ ಅಗಲಿಸಿ ಹೇಳುವ ಉ. ಎರಡಕ್ಕೂ ಕನ್ನಡದಲ್ಲಿ ಅಕ್ಷರವಿಲ್ಲ, ಈ ಹೆಸರುಗಳು ನನ್ನ ಅನುಕೂಲಕ್ಕೆ ಇಟ್ಟವು.

ಅಂತ್ಯ, ಖಾಲಿಯನ್ನೂ ಸೇರಿಸಿ 28: 0 ಖಾಲಿ, 1 ಗ್, 2 ಬಿಗಿ ಗ್, 3 ಗ್ಸ್, 4 ನ್, 5 ನ್ಜ್, 6 ನ್ಹ್, 7 ದ್, 8 ಲ್, 9 ಲ್ಗ್, 10 ಲ್ಮ್, 11 ಲ್ಬ್, 12 ಲ್ಸ್, 13 ಲ್ಥ್, 14 ಲ್ಫ್, 15 ಲ್ಹ್, 16 ಮ್, 17 ಬ್, 18 ಬ್ಸ್, 19 ಸ್, 20 ಬಿಗಿ ಸ್, 21 ಙ್, 22 ಜ್, 23 ಛ್, 24 ಖ್, 25 ಥ್, 26 ಫ್, 27 ಹ್. ಆದಿಯ 'ರ್' ಮತ್ತು ಅಂತ್ಯದ 'ಲ್' ಒಂದೇ ಅಕ್ಷರ, ಜಾಗ ನೋಡಿ ಸದ್ದು ಬದಲಾಗುತ್ತದೆ.

ಎಚ್ಚರಿಕೆ ಎರಡು. ಒಂದೇ ಅಕ್ಷರಕ್ಕೆ ಆದಿಯಲ್ಲಿ ಒಂದು ಸಂಖ್ಯೆ, ಅಂತ್ಯದಲ್ಲಿ ಇನ್ನೊಂದು: 'ಮ್' ಆದಿಯಲ್ಲಿ 6, ಅಂತ್ಯದಲ್ಲಿ 16. ಒಂದು ಪಟ್ಟಿ ಸಾಕೆಂದುಕೊಂಡರೆ ಉತ್ತರ ಖಂಡಿತ ತಪ್ಪುತ್ತದೆ. ಇನ್ನೊಂದು, ಬರೆಯುವುದು ಕಾಗುಣಿತದ ಪ್ರಕಾರವೇ ಹೊರತು ಕಿವಿಗೆ ಬಿದ್ದ ಪ್ರಕಾರವಲ್ಲ. ಅಂತ್ಯದಲ್ಲಿ ಸ್, ಜ್, ಛ್, ಥ್ ಏನೇ ಬರೆದರೂ ಪದ ಅಲ್ಲಿಗೇ ನಿಂತರೆ ಎಲ್ಲವೂ 'ತ್' ಎಂದೇ ಕೇಳುತ್ತವೆ. ಕೇಳಿದ್ದನ್ನು ಬರೆದರೆ ಚೌಕವೇ ಬೇರೆಯಾಗುತ್ತದೆ.

ಹಂತ 3: ಚೌಕದ ಸಂಖ್ಯೆ ಲೆಕ್ಕಹಾಕಿ

ಈಗ ಗುಣಿಸಿ: 19 × 21 × 28 = 11,172. ಆಧುನಿಕ ಹಂಗುಲ್‌ನಲ್ಲಿ ಸಾಧ್ಯವಿರುವ ಚೌಕಗಳು ಇಷ್ಟೇ, ಒಂದು ಹೆಚ್ಚಿಲ್ಲ ಒಂದು ಕಡಿಮೆಯಿಲ್ಲ. ಯೂನಿಕೋಡ್ ಎಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಪಟ್ಟಿ. ಅದು ಈ 11,172ಕ್ಕೂ 44032ರಿಂದ 55203ರವರೆಗೆ ಸಾಲಾಗಿ ಜಾಗ ಕೊಟ್ಟಿದೆ. ಅಧಿಕೃತ ಪಟ್ಟಿಗಳಲ್ಲಿ ಇವು ಹದಿನಾರರ ಲೆಕ್ಕದಲ್ಲಿ ಎಸಿ00ರಿಂದ ಡಿ7ಎ3ರವರೆಗೆ ಎಂದು ಕಾಣುತ್ತವೆ. ನಾವು ಮಾಮೂಲಿ ಹತ್ತರ ಲೆಕ್ಕದಲ್ಲೇ ಇರೋಣ.

ಶಾಲೆಯ ಗೋಡೆಗೆ ತೂಗುಹಾಕಿದ ಕಾಗುಣಿತದ ಪಟ ಊಹಿಸಿಕೊಳ್ಳಿ. ಅಡ್ಡಸಾಲು 19, ಕಂಬಸಾಲು 21, ಒಟ್ಟು 399 ಮನೆ. ಪ್ರತಿ ಮನೆಯೊಳಗೂ 28 ಗೂಡು. ಎಡ ಮೇಲ್ತುದಿಯಿಂದ ಒಂದೂ ಬಿಡದೆ ಎಣಿಸುತ್ತ ಬಂದರೆ, ಒಂದು ಮನೆ ದಾಟಲು 28 ಎಣಿಸಬೇಕು, ಒಂದು ಅಡ್ಡಸಾಲು ದಾಟಲು 21 × 28, ಅಂದರೆ 588. ಹಾಗಾಗಿ ಸೂತ್ರ ಇದು:

ಚೌಕದ ಸಂಖ್ಯೆ = 44032 + (ಆದಿ × 588) + (ಸ್ವರ × 28) + ಅಂತ್ಯ

'ಹಾನ್' ಲೆಕ್ಕಹಾಕೋಣ. ಹ್ 18, ಆ 0, ನ್ 4. 44032 + 10584 + 0 + 4 = 54620. ಸ್ಪ್ರೆಡ್‌ಶೀಟಿನ ಒಂದು ಕೋಶದಲ್ಲಿ ಯೂನಿಚಾರ್ ಎಂಬ ಸೂತ್ರಕ್ಕೆ (ಸಂಖ್ಯೆ ಕೊಟ್ಟರೆ ಅಕ್ಷರ ಕೊಡುವ ಸೂತ್ರ) 54620 ಕೊಡಿ. ಟೋಪಿ ಇಟ್ಟ ಸೊನ್ನೆ, ಉದ್ದಗೆರೆ, ಅಡಿಯಲ್ಲಿ ನ್: ಕಾಗದದ ಮೇಲೆ ಬರೆದದ್ದೇ ಪರದೆಯಲ್ಲಿ ಬರಬೇಕು. ಹಂಗುಲ್ ಪದದ ಎರಡನೆಯ ಚೌಕ ಗ್ 0, ಅಗಲ ಉ 18, ಲ್ 8. 44032 + 0 + 504 + 8 = 44544.

ಎಚ್ಚರಿಕೆ: ಉತ್ತರ ಪಕ್ಕದ ಅಕ್ಷರಕ್ಕೆ ಜಾರಿದ್ದರೆ ನೀವು ಒಂದರಿಂದ ಎಣಿಸಿದ್ದೀರಿ. ಹತ್ತರಲ್ಲಿ ಒಂಬತ್ತು ತಪ್ಪು ಇದೇ.

ಇಲ್ಲಿ ಕನ್ನಡದ ಜೊತೆ ಹೋಲಿಸದೆ ಮುಂದೆ ಹೋಗಲು ಮನಸ್ಸಿಲ್ಲ. ಯೂನಿಕೋಡ್‌ನಲ್ಲಿ 'ಕ್ಷ' ಎಂಬುದಕ್ಕೆ ಸ್ವಂತ ಸಂಖ್ಯೆ ಇಲ್ಲ. ಕ (3221), ಅರ್ಧಾಕ್ಷರದ ಚಿಹ್ನೆ (3277), ಷ (3255) ಮೂರೂ ಸಾಲಾಗಿ ಬರುತ್ತವೆ, ಒತ್ತಕ್ಷರ ಕೂಡಿಸುವುದು ಫಾಂಟಿನ ಕೆಲಸ. 'ಸ್ತ್ರೀ' ಎಂಬ ಒಂದಕ್ಷರಕ್ಕೆ ಆರು ಸಂಖ್ಯೆ ಬೇಕು. 'ಹಾನ್' ಚೌಕಕ್ಕೆ ಒಂದೇ. ಇದನ್ನು ಕಂಡು ಕನ್ನಡಕ್ಕೆ ಅನ್ಯಾಯವಾಗಿದೆ ಎಂದು ಕೆಲವರು ಕೋಪಿಸಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಹಂಗುಲ್ ಚೌಕದಲ್ಲಿ ಜಾಗ ಮೂರೇ, ಸಾಧ್ಯತೆಗಳಿಗೆ ಗಡಿಯಿದೆ, ಹಾಗಾಗಿ ಎಲ್ಲವನ್ನೂ ಎಣಿಸಿ ಮುಗಿಸಬಹುದು. ನಮ್ಮಲ್ಲಿ ಒತ್ತಿನ ಮೇಲೆ ಒತ್ತು ಬರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆಯಲು ಆಗದು. ಗಡಿಯಿಲ್ಲದ್ದನ್ನು ಬಿಡಿಬಿಡಿಯಾಗಿ ಇಡುವುದೇ ಸರಿ.

ಹಂತ 4: ಸಂಖ್ಯೆಯಿಂದ ಜಮೊಗಳಿಗೆ ಹಿಂದಿರುಗಿ

ಈ ವ್ಯವಸ್ಥೆಯ ಸೊಗಸು ಹಿಂದಿರುಗುವ ದಾರಿಯಲ್ಲಿದೆ. 47932 ಯಾವ ಚೌಕ? 44032 ಕಳೆಯಿರಿ: 3900. 588ರಿಂದ ಭಾಗಿಸಿ: ಭಾಗಲಬ್ಧ 6, ಶೇಷ 372. ಆ ಶೇಷವನ್ನು 28ರಿಂದ ಭಾಗಿಸಿ: ಭಾಗಲಬ್ಧ 13, ಶೇಷ 8. ಪಟ್ಟಿಯಲ್ಲಿ ನೋಡಿ: ಆದಿ 6 ಮ್, ಸ್ವರ 13 ಉ, ಅಂತ್ಯ 8 ಲ್. 'ಮುಲ್', ಅಂದರೆ ನೀರು.

ಸ್ಪ್ರೆಡ್‌ಶೀಟಿನಲ್ಲಿ ಅಕ್ಷರ ಕೊಟ್ಟು ಸಂಖ್ಯೆ ಪಡೆಯಲು ಯೂನಿಕೋಡ್ ಎಂಬ ಹೆಸರಿನದೇ ಸೂತ್ರವಿದೆ. ಭಾಗಲಬ್ಧಕ್ಕೆ ಕೋಷಂಟ್, ಶೇಷಕ್ಕೆ ಮಾಡ್.

ಇದರಿಂದ ಏನು ಉಪಯೋಗ ಎನ್ನುವವರಿಗೆ ಎರಡು ಉದಾಹರಣೆ. ಕೊರಿಯಾದ ಫೋನುಗಳಲ್ಲಿ ಹೆಸರು ಹುಡುಕಲು ಪ್ರತಿ ಚೌಕದ ಆದಿ ವ್ಯಂಜನ ಮಾತ್ರ ಒತ್ತಿದರೆ ಸಾಕು. ಅದರ ಹಿಂದಿರುವುದು 588ರ ಭಾಗಾಕಾರವಷ್ಟೇ.

ಎರಡನೆಯದು ವಿಭಕ್ತಿ ಪ್ರತ್ಯಯ. ನಾವು 'ಮನೆಯನ್ನು' ಎಂದರೂ 'ಊರನ್ನು' ಎನ್ನುತ್ತೇವೆ, ಪದ ಹೇಗೆ ಮುಗಿಯಿತು ಎಂಬುದರ ಮೇಲೆ ಪ್ರತ್ಯಯದ ರೂಪ ಬದಲಾಗುತ್ತದೆ. ಕೊರಿಯನ್‌ನಲ್ಲೂ ಹಾಗೆಯೇ. ದ್ವಿತೀಯಾ ವಿಭಕ್ತಿಗೆ, ಕೊನೆಯ ಚೌಕಕ್ಕೆ ಅಂತ್ಯ ವ್ಯಂಜನ ಇದ್ದರೆ 'ಉಲ್', ಇಲ್ಲದಿದ್ದರೆ 'ರುಲ್' (ಎರಡರಲ್ಲೂ ಅಗಲ ಉ). ಅನ್ನಕ್ಕೆ 'ಬಾಪ್' ಎನ್ನುತ್ತಾರೆ: ಬ್ 7, ಆ 0, ಬ್ 17, ಸಂಖ್ಯೆ 48165. 44032 ಕಳೆದು 28ರಿಂದ ಭಾಗಿಸಿದರೆ ಶೇಷ 17. ಸೊನ್ನೆಯಲ್ಲ, ಆದ್ದರಿಂದ 'ಉಲ್'. ಬಳಕೆದಾರರ ಹೆಸರು ಸೇರಿಸಿ ವಾಕ್ಯ ಕಟ್ಟುವ ಆ್ಯಪ್ ಬರೆಯುವವರಿಗೆ ಇದು ಒಂದು ಸಾಲಿನ ಕೆಲಸ. ಅಷ್ಟೂ ಮಾಡದ ಸೋಮಾರಿಗಳು ಎರಡೂ ರೂಪ ಬರೆದು ಒಂದನ್ನು ಆವರಣದಲ್ಲಿ ಹಾಕಿಬಿಡುತ್ತಾರೆ, ಕೊರಿಯನ್ನರು ಅದನ್ನು ದಿನಾ ನೋಡಿ ಸಹಿಸಿಕೊಳ್ಳುತ್ತಾರೆ.

ಎಚ್ಚರಿಕೆ: 'ಇಂದ, ಕಡೆಗೆ' ಎಂಬ ಅರ್ಥದ 'ರೊ' ಪ್ರತ್ಯಯಕ್ಕೆ ಒಂದು ಅಪವಾದವಿದೆ. ಅಂತ್ಯ ವ್ಯಂಜನ ಇದ್ದರೆ 'ಉರೊ', ಆದರೆ ಆ ವ್ಯಂಜನ 'ಲ್' ಆಗಿದ್ದರೆ ಬರೀ 'ರೊ'. ಶೇಷ 8 ಬಂದಾಗ ಬೇರೆಯಾಗಿ ನೋಡಿಕೊಳ್ಳಬೇಕು.

ಹಂತ 5: ಕೀಲಿಮಣೆಯಲ್ಲಿ ಒತ್ತಿ, ಬದಲಾಗುವುದನ್ನು ಗಮನಿಸಿ

ಫೋನಿನಲ್ಲೋ ಕಂಪ್ಯೂಟರಿನಲ್ಲೋ ಕೊರಿಯನ್ ಕೀಲಿಮಣೆ ಸೇರಿಸಿಕೊಳ್ಳಿ. ಪ್ರಮಾಣಿತ ವಿನ್ಯಾಸದ ಹೆಸರು ದುಬಲ್‌ಶಿಕ್, 'ಎರಡು ಜೊತೆಯದು'. ವ್ಯಂಜನಗಳು ಎಡಗೈಗೆ, ಸ್ವರಗಳು ಬಲಗೈಗೆ. 'ಹಾನ್' ಬರೆಯಲು ಇಂಗ್ಲಿಷ್ ಕೀಲಿಗಳ ಜಿ, ಕೆ, ಎಸ್ ಜಾಗಗಳನ್ನು ಒತ್ತಬೇಕು.

ಆದಿಗೆ ಬೇರೆ, ಅಂತ್ಯಕ್ಕೆ ಬೇರೆ ವ್ಯಂಜನದ ಕೀಲಿ ಇಲ್ಲವೆಂಬುದನ್ನು ಗಮನಿಸಿ. ಹಾಗಾದರೆ ಈ 'ನ್' ಹಿಂದಿನ ಚೌಕದ ಅಂತ್ಯವೋ ಮುಂದಿನ ಚೌಕದ ಆದಿಯೋ ಎಂದು ಯಂತ್ರಕ್ಕೆ ಹೇಗೆ ಗೊತ್ತು? ಗೊತ್ತಿಲ್ಲ, ಊಹಿಸುತ್ತದೆ, ತಪ್ಪಿದರೆ ತಿದ್ದಿಕೊಳ್ಳುತ್ತದೆ. ಗ್, ಆ, ನ್, ಆ ಎಂದು ನಿಧಾನವಾಗಿ ಒತ್ತಿ. ಎರಡನೆಯ ಒತ್ತಿಗೆ 'ಗಾ' (44032). ಮೂರನೆಯದಕ್ಕೆ 'ಗಾನ್' (44036). ನಾಲ್ಕನೆಯ ಒತ್ತಿಗೆ ಆ 'ನ್' ಮೊದಲ ಚೌಕದಿಂದ ಹಾರಿ ಮುಂದಕ್ಕೆ ಹೋಗಿ 'ಗಾ' (44032), 'ನಾ' (45208) ಎಂದು ಎರಡಾಗುತ್ತದೆ. ಹೀಗೆ ಕಾಣಿಸಿಕೊಂಡು ಮಾಯವಾಗಿ ಪಕ್ಕದಲ್ಲಿ ಮತ್ತೆ ಕಾಣುವ ಅಂತ್ಯಾಕ್ಷರಕ್ಕೆ ಕೊರಿಯನ್ನರು 'ದೊಕ್ಕೆಬಿ ಬುಲ್' ಎಂಬ ಹೆಸರಿಟ್ಟಿದ್ದಾರೆ, ದೆವ್ವದ ಬೆಂಕಿ. ನಮ್ಮ ಕೊಳ್ಳಿದೆವ್ವವೇ, ನೆಂಟಸ್ತಿಕೆ ಇಷ್ಟು ಹತ್ತಿರ ಇರುತ್ತದೆ ಅಂದುಕೊಂಡಿರಲಿಲ್ಲ.

ಈ ದೆವ್ವ ಬೇಡವೆನ್ನುವವರಿಗೆ ಸೆಬಲ್‌ಶಿಕ್, 'ಮೂರು ಜೊತೆಯದು' ಇದೆ. ಅದರಲ್ಲಿ ಆದಿ, ಸ್ವರ, ಅಂತ್ಯ ಮೂರಕ್ಕೂ ಬೇರೆ ಬೇರೆ ಕೀಲಿ. ಇದರ ಮೂಲ 1949ರಲ್ಲಿ ಗೊಂಗ್ ಬ್ಯೊಂಗ್‌ಉ ಎಂಬ ಕಣ್ಣಿನ ವೈದ್ಯರು ರೂಪಿಸಿದ ಬೆರಳಚ್ಚು ಯಂತ್ರ.

ಎಚ್ಚರಿಕೆ (ಜಾಲತಾಣ ಕಟ್ಟುವವರಿಗೆ): ಪ್ರತಿ ಒತ್ತಿಗೂ ಹುಡುಕಾಟ ಶುರುಮಾಡುವ ಪೆಟ್ಟಿಗೆ ಇಟ್ಟರೆ ಅದು 'ಗಾನ್' ಎಂದೂ ಹುಡುಕುತ್ತದೆ, ಬಳಕೆದಾರರು ಅದನ್ನು ಕೇಳಿಯೇ ಇಲ್ಲ. ಚೌಕ ಇನ್ನೂ ಕಟ್ಟಲಾಗುತ್ತಿದೆಯೋ ಮುಗಿದಿದೆಯೋ ಎಂದು ಬ್ರೌಸರ್ ತಿಳಿಸುತ್ತದೆ, ಕೇಳಿಕೊಂಡು ಮುಂದುವರಿಯಿರಿ.

ಹಂತ 6: ಪುಡಿಯಾದ ಹೆಸರನ್ನು ಸರಿಪಡಿಸಿ

ಈಗ ಎರಡನೆಯ ಪ್ರಶ್ನೆಗೆ ಬಂದೆವು. ಯೂನಿಕೋಡ್‌ನಲ್ಲಿ ಹಂಗುಲ್ ಮೂರು ವೇಷದಲ್ಲಿದೆ.

ಮೊದಲನೆಯದು ಮೇಲೆ ನೋಡಿದ ಸಿದ್ಧ ಚೌಕಗಳು, 44032ರಿಂದ.

ಎರಡನೆಯದು ಕೂಡುವ ಜಮೊಗಳು. ಆದಿಗಳು 4352ರಿಂದ 4370, ಸ್ವರಗಳು 4449ರಿಂದ 4469, ಅಂತ್ಯಗಳು 4520ರಿಂದ 4546. ಇವು ನಮ್ಮ ಅರ್ಧಾಕ್ಷರ, ಒತ್ತುಗಳ ಹಾಗೆ: ಸಾಲಾಗಿ ಬಂದರೆ ಪರದೆಯ ಮೇಲೆ ಕೂಡಿಕೊಂಡು ಒಂದೇ ಚೌಕವಾಗಿ ಕಾಣಬೇಕು.

ಮೂರನೆಯದು ಒಂಟಿ ಜಮೊಗಳು, 12593ರಿಂದ. ಅಕ್ಷರಮಾಲೆಯ ಪಟ್ಟಿ ಬರೆಯುವಾಗ, ಚಾಟಿನಲ್ಲಿ ಬರೀ ವ್ಯಂಜನ ಒತ್ತಿ ನಗುವಾಗ ಬಳಸುವಂಥವು. ಇವು ಯಾರೊಂದಿಗೂ ಕೂಡುವುದಿಲ್ಲ.

ಅಂದರೆ ಒಂದೇ 'ಗ್' ಒಂಟಿಯಾಗಿ 12593, ಕೂಡುವ ಆದಿಯಾಗಿ 4352, ಕೂಡುವ ಅಂತ್ಯವಾಗಿ 4520. ಕಣ್ಣಿಗೆ ಮೂರೂ ಒಂದೇ, ಕಂಪ್ಯೂಟರಿಗೆ ಮೂರು ಬೇರೆ ವಸ್ತು.

'ಹಾನ್' ಎಂಬುದನ್ನು 54620 ಎಂದು ಒಂದೇ ಸಂಖ್ಯೆಯಾಗಿಯೂ ಇಡಬಹುದು, 4370, 4449, 4523 ಎಂದು ಮೂರಾಗಿಯೂ ಇಡಬಹುದು. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ. ಕೂಡಿಸಿದ ರೂಪಕ್ಕೆ ಎನ್‌ಎಫ್‌ಸಿ, ಬಿಡಿಸಿದ ರೂಪಕ್ಕೆ ಎನ್‌ಎಫ್‌ಡಿ ಎಂದು ಹೆಸರು. ಆ್ಯಪಲ್ ಕಂಪ್ಯೂಟರುಗಳ ಹಳೆಯ ಕಡತ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿತ್ತು, ವಿಂಡೋಸ್ ಬಂದದ್ದನ್ನು ಬಂದ ಹಾಗೆ ತೋರಿಸುತ್ತದೆ. ಅಲ್ಲಿಂದ ಇಲ್ಲಿಗೆ ಬಂದ ಕಡತದ ಹೆಸರು ಪುಡಿಯಾಗುವುದು ಹೀಗೆ. ಗೆಳತಿ ಸರಿಯಾಗಿಯೇ ಬರೆದಿದ್ದಾಳೆ, ನಿಮ್ಮ ಫಾಂಟೂ ಸರಿಯಿದೆ.

ಪರೀಕ್ಷೆ ಸುಲಭ. ಆ ಹೆಸರಿನ ಒಂದು ಚೌಕವನ್ನು ಸ್ಪ್ರೆಡ್‌ಶೀಟಿನ ಕೋಶಕ್ಕೆ ಅಂಟಿಸಿ, ಉದ್ದ ಹೇಳುವ ಲೆನ್ ಸೂತ್ರ ಹಾಕಿ. 1 ಬಂದರೆ ಕೂಡಿದ ರೂಪ. 2 ಅಥವಾ 3 ಬಂದರೆ ಬಿಡಿಸಿದ ರೂಪ. ಸರಿಪಡಿಸಲು ಒಂದೆರಡು ಕಡತವಾದರೆ ಹೆಸರನ್ನು ಹೊಸದಾಗಿ ಬರೆಯಿರಿ. ನೂರಾರು ಇದ್ದರೆ ಪೈಥಾನ್, ಜಾವಾಸ್ಕ್ರಿಪ್ಟ್ ಎರಡರಲ್ಲೂ ನಾರ್ಮಲೈಸ್ ಎಂಬ ಸಿದ್ಧ ಕ್ರಿಯೆ ಇದೆ, ಎನ್‌ಎಫ್‌ಸಿ ಎಂದು ಹೇಳಿ ಓಡಿಸಿ.

ಇಲ್ಲಿ ಬೀಳುವ ಗುಂಡಿಗಳು ಮೂರು:

ಒಂದು, ಹೋಲಿಕೆ. ಕೂಡಿದ 'ಹಾನ್' ಮತ್ತು ಬಿಡಿಸಿದ 'ಹಾನ್' ನೋಡಲು ಒಂದೇ, ಆದರೆ ಹುಡುಕಿದರೆ ಒಂದಕ್ಕೆ ಇನ್ನೊಂದು ಸಿಗದೆ ಹೋಗಬಹುದು. ದತ್ತಾಂಶ ಒಳಗೆ ಬರುವ ಬಾಗಿಲಲ್ಲೇ ಎನ್‌ಎಫ್‌ಸಿ ಮಾಡಿಬಿಡಿ.

ಎರಡು, ಗಾತ್ರ. ಯುಟಿಎಫ್-8 ಎಂಬ ಸಾಮಾನ್ಯ ಶೇಖರಣಾ ಕ್ರಮದಲ್ಲಿ ಪ್ರತಿ ಹಂಗುಲ್ ಸಂಖ್ಯೆಗೂ 3 ಬೈಟ್ ಬೇಕು (ಕನ್ನಡಕ್ಕೂ ಅಷ್ಟೇ). ಹಂಗುಲ್ ಎಂಬ ಎರಡು ಚೌಕದ ಪದ ಕೂಡಿದಾಗ 6 ಬೈಟ್, ಬಿಡಿಸಿದಾಗ 18. ಹೆಸರಿನ ಉದ್ದಕ್ಕೆ ಮಿತಿ ಇರುವಲ್ಲಿ ಇದು ಕೈಕೊಡುತ್ತದೆ.

ಮೂರು, ಒಂಟಿ ಜಮೊಗಳು. ಇವನ್ನು ಎನ್‌ಎಫ್‌ಸಿ ಮುಟ್ಟುವುದೇ ಇಲ್ಲ. ಇನ್ನೂ ಬಲವಾದ ಎನ್‌ಎಫ್‌ಕೆಸಿ ಎಂಬುದಿದೆಯಲ್ಲ ಎಂದು ಅದನ್ನು ಓಡಿಸಿದರೆ, ಒಂಟಿ ಹ್, ಆ, ನ್ ಸೇರಿ 'ಹಾ' ಆಗುತ್ತದೆ, 'ನ್' ಮಾತ್ರ ಆದಿಯ ವೇಷ ತೊಟ್ಟು ಹೊರಗೆ ಉಳಿಯುತ್ತದೆ. ಒಂಟಿ ಜಮೊಗಳಿಂದ ಚೌಕ ಕಟ್ಟಬೇಕಾದರೆ ಹಂತ 3ರ ಸೂತ್ರವನ್ನು ನೀವೇ ಹಾಕಬೇಕು.

ಹಂತ 7: ಹಳೆಯ ಕಡತವಾದರೆ ಯಾವ ಕಾಲದ್ದು ನೋಡಿ

ನುಡಿ, ಬರಹಗಳ ಯೂನಿಕೋಡ್‌ಪೂರ್ವದ ಕಡತಗಳನ್ನು ಇಟ್ಟುಕೊಂಡು ಪರಿವರ್ತಕ ಹುಡುಕಿದವರಿಗೆ ಈ ಕಥೆ ಹೊಸದೇನಲ್ಲ. ಕೊರಿಯಾದಲ್ಲೂ ಎರಡು ಬಣಗಳಿದ್ದವು. 'ಜೊಹಾಪ್' (ಜೋಡಣೆ) ಪದ್ಧತಿಯಲ್ಲಿ ಎರಡು ಬೈಟಿನ 16 ಬಿಟ್‌ಗಳಲ್ಲಿ ಮೊದಲನೆಯದು ಗುರುತಿಗೆ, ಉಳಿದ 15ನ್ನು ಆದಿ, ಸ್ವರ, ಅಂತ್ಯಕ್ಕೆ ಐದೈದರಂತೆ ಹಂಚುತ್ತಿದ್ದರು. ಐದು ಬಿಟ್‌ಗೆ 32 ಸಾಧ್ಯತೆ, 28ಕ್ಕೆ ಧಾರಾಳ ಸಾಕು. ಅಚ್ಚುಕಟ್ಟಾದ ವ್ಯವಸ್ಥೆ, ಆದರೆ ಗೆದ್ದದ್ದು ಇನ್ನೊಂದು. 'ವಾನ್‌ಸಂಗ್' (ಸಿದ್ಧರೂಪ) ಪದ್ಧತಿಯ 1987ರ ರಾಷ್ಟ್ರೀಯ ಮಾನಕ ಹೆಚ್ಚು ಬಳಕೆಯ 2,350 ಚೌಕಗಳಿಗೆ ಮಾತ್ರ ಸಂಖ್ಯೆ ಕೊಟ್ಟಿತು. ಪಟ್ಟಿಯಲ್ಲಿ ನಡುನಡುವೆ ಬಿಟ್ಟುಹೋದದ್ದರಿಂದ ಗುಣಾಕಾರದ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಥಾಯ್ ದೇಶದ ತೋಮ್ ಯಮ್ ಸಾರಿನ ಹೆಸರನ್ನು ಕೊರಿಯನ್ನರು ಬಿಗಿ ದ್, ಒ, ಮ್ ಎಂಬ ಚೌಕದಿಂದ ಬರೆಯುತ್ತಾರೆ (46624), ಅದು ಆ 2,350ರಲ್ಲಿ ಇಲ್ಲ. ಸಾರು ಕುಡಿಯಬಹುದಿತ್ತು, ಹೆಸರು ಬರೆಯಲಾಗುತ್ತಿರಲಿಲ್ಲ.

ಬಿಟ್ಟುಹೋದ 8,822 ಚೌಕಗಳನ್ನು ಮೈಕ್ರೋಸಾಫ್ಟ್ ವಿಂಡೋಸ್ 95ರ ಹೊತ್ತಿಗೆ ಖಾಲಿ ಜಾಗಗಳಲ್ಲಿ ತುರುಕಿತು. ಹೊಸಬರು ಬೇರೆ ಕಡೆ ಕೂತದ್ದರಿಂದ ಆ ಸಂಖ್ಯೆಗಳ ಪ್ರಕಾರ ಜೋಡಿಸಿದರೆ ನಿಘಂಟಿನ ಕ್ರಮ ಕೆಡುತ್ತದೆ. ಯೂನಿಕೋಡ್ ಕೂಡ ಮೊದಲೇ ಸರಿಯಾಗಿ ಮಾಡಲಿಲ್ಲ: 1993ರ 1.1 ಆವೃತ್ತಿಯಲ್ಲಿ 6,656 ಚೌಕ ಬೇರೊಂದು ಜಾಗದಲ್ಲಿದ್ದವು, 1996ರ 2.0ರಲ್ಲಿ ಎಲ್ಲವನ್ನೂ ಕಿತ್ತು ಇಂದಿನ ಜಾಗದಲ್ಲಿ 11,172 ಎಂದು ಹೊಸದಾಗಿ ನೆಟ್ಟರು. ಆಮೇಲೆ ಒಮ್ಮೆ ಕೊಟ್ಟ ಸಂಖ್ಯೆ ಕದಲಿಸುವಂತಿಲ್ಲ ಎಂಬ ನಿಯಮ ಬಂತು.

ನಿಮಗೆ ಬೇಕಾದದ್ದು ಇಷ್ಟು. ಹಳೆಯ ಉಪಶೀರ್ಷಿಕೆಯ ಕಡತ ತೆರೆದಾಗ ಕಸಕಡ್ಡಿ ಕಂಡರೆ, ಪಠ್ಯ ಸಂಪಾದಕದ 'ಎನ್‌ಕೋಡಿಂಗ್' ಆಯ್ಕೆಯಲ್ಲಿ ಇಯುಸಿ-ಕೆಆರ್ (ಆ 2,350ರ ಪಟ್ಟಿ) ಅಥವಾ ಸಿಪಿ949 (ಮೈಕ್ರೋಸಾಫ್ಟ್ ತುರುಕಿ ಹಿಗ್ಗಿಸಿದ್ದು) ಆರಿಸಿ ಮತ್ತೆ ತೆರೆಯಿರಿ. ಎರಡೂ ಇದ್ದರೆ ಸಿಪಿ949ನ್ನೇ ಆರಿಸಿ, ಮೊದಲನೆಯದರಲ್ಲಿ ಇರುವುದೆಲ್ಲ ಅದರಲ್ಲೂ ಇದೆ. ಸರಿಯಾಗಿ ಕಂಡ ಮೇಲಷ್ಟೇ ಯುಟಿಎಫ್-8ರಲ್ಲಿ ಉಳಿಸಿ. ಕಸ ಕಾಣುತ್ತಿರುವಾಗಲೇ ಉಳಿಸಿದರೆ ಕಸವೇ ಶಾಶ್ವತ.

ಹಂಗುಲ್‌ನ ಹಳಗಾಲದ ಗ್ರಂಥಗಳಲ್ಲಿ ಈಗ ಬಿಟ್ಟುಹೋದ ಅಕ್ಷರಗಳಿವೆ. ಅವು 11,172ರಲ್ಲಿ ಬರುವುದಿಲ್ಲ, ಕೂಡುವ ಜಮೊಗಳಿಂದಲೇ ಕಟ್ಟಬೇಕು, ಅದಕ್ಕೆ ತಕ್ಕ ಫಾಂಟೂ ಬೇಕು. ಫಾಂಟ್ ಹುಡುಕಬೇಕಾಗಿ ಬರುವುದು ಅಲ್ಲಿ ಮಾತ್ರ.

ಲೆಕ್ಕ ಕೈಗೆ ಹತ್ತಿದೆಯೇ ನೋಡಿಕೊಳ್ಳಿ: 48309, 44040, 47336, 47336. ಸ್ಪ್ರೆಡ್‌ಶೀಟ್ ಮುಟ್ಟದೆ, ಪಟ್ಟಿ ಮತ್ತು ಪೆನ್ನಿನಿಂದಲೇ ಬಿಡಿಸಿ ಓದಿ. ಕರ್ನಾಟಕದ ಒಂದು ಊರಿನ ಹೆಸರು ಬರಬೇಕು. ಬೇರೇನೋ ಬಂದರೆ ಅಂತ್ಯದ ಪಟ್ಟಿಯ ಬದಲು ಆದಿಯ ಪಟ್ಟಿ ನೋಡಿದ್ದೀರಿ.